ಹಂದಿ ಸತ್ತದ್ದು ಯಾವ ರೋಗದಿಂದ?

ಹಂದಿ ಸಾಕುವವರು ಪಶುವೈದ್ಯರ ಮುಂದೆ ಇಡುವ ದೂರುಗಳಲ್ಲಿ ಒಂದು ಬಗೆಯದು ಮತ್ತೆ ಮತ್ತೆ ಕೇಳಿಬರುತ್ತದೆ. ಮರಿಗಳು ತಾಯಿಯ ಹಾಲು ಬಿಡುವ ತನಕ ಚೆನ್ನಾಗಿಯೇ ಇದ್ದವು. ಆಮೇಲೆ ಕೆಲವಕ್ಕೆ ಕೆಮ್ಮು ಹತ್ತಿತು, ಕೆಲವಕ್ಕೆ ಭೇದಿ, ಇನ್ನು ಕೆಲವು ಕೀಲು ಊದಿ ಕುಂಟತೊಡಗಿದವು. ಇಂಜೆಕ್ಷನ್ ಕೊಡಿಸಿದಾಗ ಒಂದಷ್ಟು ಎದ್ದು ಮೇವು ತಿಂದವು, ವಾರ ಕಳೆಯುವಷ್ಟರಲ್ಲಿ ಮತ್ತೆ ಮಲಗಿದವು. ಲಸಿಕೆ ಹಾಕಿಸಿದ್ದರೂ ಪ್ರಯೋಜನವಾಗಲಿಲ್ಲ. ಪ್ರಯೋಗಾಲಯದ ವರದಿ ನೋಡಿದರೆ ಒಂದು ಹಂದಿಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಸ್ಟ್ರೆಪ್ಟೊಕಾಕಸ್, ಮತ್ತೊಂದರಲ್ಲಿ ಸಾಲ್ಮೊನೆಲ್ಲಾ. ಒಂದೇ ದೊಡ್ಡಿಗೆ ಒಂದೇ ತಿಂಗಳಲ್ಲಿ ಮೂರು ರೋಗ ಬಂದದ್ದು ಬರೀ ಗ್ರಹಚಾರ ಎಂದು ಸುಮ್ಮನಾಗುವವರಿದ್ದಾರೆ. ಹಾಗೆ ಸುಮ್ಮನಾಗಬಾರದು ಎಂಬುದು ಇಂದಿನ ನನ್ನ ಮಾತಿನ ತಿರುಳು. ಇಂಥ ದೊಡ್ಡಿಗಳಲ್ಲಿ ಎಷ್ಟೋ ಸಲ ಈ ಮೂರಕ್ಕೂ ಮೊದಲು ಒಂದು ವೈರಸ್ ಬಂದುಹೋಗಿರುತ್ತದೆ. ಅದು ಹಂದಿಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದ್ದರಿಂದಲೇ ಉಳಿದವುಗಳಿಗೆ ದಾರಿಯಾಗಿರುತ್ತದೆ. ಕೊನೆಗೆ ಬಂದ ರೋಗಾಣುವಿನ ಹೆಸರು ವರದಿಯಲ್ಲಿ ಬರುತ್ತದೆ, ಮೊದಲು ಬಂದದ್ದರ ಹೆಸರು ಯಾರೂ ಹುಡುಕದ ಹೊರತು ಸಿಗುವುದಿಲ್ಲ.

ಈ ತಪ್ಪು ಲೆಕ್ಕಕ್ಕೆ ದೊಡ್ಡ ಚರಿತ್ರೆಯೇ ಇದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹಂದಿಜ್ವರವೆಂಬುದು ರೈತರ ಪಾಲಿನ ಮಾರಿಯಾಗಿತ್ತು. 1884ರಲ್ಲಿ ಅಲ್ಲಿನ ಸರ್ಕಾರ ಪಶುರೋಗಗಳಿಗೆಂದೇ ಒಂದು ಇಲಾಖೆ ತೆರೆದು ಡೇನಿಯಲ್ ಸಾಲ್ಮನ್ ಎಂಬ ಪಶುವೈದ್ಯರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಮರುವರ್ಷವೇ ಅವರೂ ಅವರ ಜತೆಗಾರ ಥಿಯೊಬಾಲ್ಡ್ ಸ್ಮಿತ್ ಅವರೂ ಸತ್ತ ಹಂದಿಗಳ ಅಂಗಗಳಿಂದ ಒಂದು ಬ್ಯಾಕ್ಟೀರಿಯಾ ಬೆಳೆಸಿ, ಹಂದಿಜ್ವರಕ್ಕೆ ಇದೇ ಕಾರಣ ಎಂದರು. ನಂಬದೆ ಇರಲು ಯಾರಿಗೂ ಕಾರಣವಿರಲಿಲ್ಲ. ಸತ್ತ ಹಂದಿಯಲ್ಲಿ ಆ ಬ್ಯಾಕ್ಟೀರಿಯಾ ಇತ್ತು, ಅದನ್ನು ಬೇರೆ ಪ್ರಾಣಿಗೆ ಚುಚ್ಚಿದರೆ ರೋಗವೂ ಬರುತ್ತಿತ್ತು. ಆ ಬ್ಯಾಕ್ಟೀರಿಯಾಕ್ಕೆ ಸಾಲ್ಮೊನೆಲ್ಲಾ ಎಂಬ ಹೆಸರು ಬಂದದ್ದು ಆ ಸಾಲ್ಮನ್ ಅವರಿಂದಲೇ. ಕಾಯಿಸಿ ಕೊಂದ ಆ ಬ್ಯಾಕ್ಟೀರಿಯಾವನ್ನು ಪಾರಿವಾಳಗಳಿಗೆ ಕೊಟ್ಟು ಅವಕ್ಕೆ ರಕ್ಷಣೆ ಬರುವುದನ್ನು 1886ರಲ್ಲಿ ಇವರು ತೋರಿಸಿದ್ದು ನಿರ್ಜೀವ ಲಸಿಕೆಗಳ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಆದರೆ ಹಂದಿಜ್ವರದ ಮಟ್ಟಿಗೆ ಉತ್ತರ ತಪ್ಪಾಗಿತ್ತು. ಅದೇ ಇಲಾಖೆಯ ಡಿ ಶ್ವೈನಿಟ್ಸ್ ಮತ್ತು ಡಾರ್ಸೆಟ್ 1903ರಲ್ಲಿ ರೋಗದ ಹಂದಿಯ ರಕ್ತದ ದ್ರವವನ್ನು ಬ್ಯಾಕ್ಟೀರಿಯಾ ಹಾಯಲಾರದಷ್ಟು ಸಣ್ಣ ರಂಧ್ರಗಳ ಶೋಧಕದಲ್ಲಿ ಸೋಸಿದರು. ಸೋಸಿ ಬಂದ ತಿಳಿ ದ್ರವದಲ್ಲಿ ಬ್ಯಾಕ್ಟೀರಿಯಾ ಒಂದೂ ಇರಲಿಲ್ಲ. ಅದನ್ನು ಆರೋಗ್ಯವಂತ ಹಂದಿಗೆ ಚುಚ್ಚಿದಾಗ ಹಂದಿಜ್ವರ ಬಂತು, ಆ ಹಂದಿಯಿಂದ ಪಕ್ಕದ ಹಂದಿಗೂ ಹರಡಿತು. ಕಾರಣ ವೈರಸ್ ಆಗಿತ್ತು. ಹದಿನೆಂಟು ವರ್ಷ ಎಲ್ಲರೂ ಕಣ್ಣಾರೆ ಕಂಡ ಸಾಲ್ಮೊನೆಲ್ಲಾ, ಆ ವೈರಸ್ಸು ಕುಗ್ಗಿಸಿದ ದೇಹದಲ್ಲಿ ಆಮೇಲೆ ಬೆಳೆದದ್ದು.

ಎರಡು ರೋಗಾಣುಗಳ ಈ ಕೂಡಾಟವನ್ನು ಪ್ರಯೋಗದಿಂದಲೇ ಬಿಡಿಸಿ ತೋರಿಸಿದವರು ರಿಚರ್ಡ್ ಶೋಪ್. 1918ರ ಮಾನವ ಇನ್‌ಫ್ಲುಯೆಂಜಾದ ಕಾಲಕ್ಕೇ ಅಮೆರಿಕದ ಅಯೋವಾ ಪ್ರಾಂತದ ಹಂದಿಗಳಲ್ಲಿಯೂ ಒಂದು ಹೊಸ ಜ್ವರ ಕಾಣಿಸಿಕೊಂಡಿತ್ತು, ಪ್ರತಿ ವರ್ಷ ಚಳಿ ಹತ್ತಿರವಾದಾಗ ಮತ್ತೆ ಬರುತ್ತಿತ್ತು. ಶೋಪ್ 1931ರಲ್ಲಿ ಪ್ರಕಟಿಸಿದ ಫಲಿತಾಂಶ ಇದು. ರೋಗದ ಹಂದಿಯ ಶ್ವಾಸನಾಳದಿಂದ ತೆಗೆದು ಸೋಸಿದ ದ್ರವವನ್ನಷ್ಟೇ ಕೊಟ್ಟರೆ ಸಣ್ಣ ಜ್ವರ ಬಂದು ಹೋಗುತ್ತದೆ. ಅದೇ ಹಂದಿಗಳಲ್ಲಿ ಸಿಕ್ಕ ಹಿಮೊಫಿಲಸ್ ಬ್ಯಾಕ್ಟೀರಿಯಾವನ್ನಷ್ಟೇ ಮೂಗಿಗೆ ಹಾಕಿದರೆ ಏನೂ ಆಗುವುದಿಲ್ಲ. ಎರಡನ್ನೂ ಕೂಡಿಸಿ ಕೊಟ್ಟರೆ ಹಂದಿ ನ್ಯುಮೋನಿಯಾ ಬಂದು ನರಳುತ್ತದೆ, ಕೆಲವು ಸಾಯುತ್ತವೆ. ಈ ಮೂರು ಸಾಲಿನ ಪ್ರಯೋಗವನ್ನು ನಾನು ಪಶುವೈದ್ಯಶಾಸ್ತ್ರದ ಅತ್ಯುತ್ತಮ ಪ್ರಯೋಗಗಳ ಸಾಲಿಗೆ ಸೇರಿಸುತ್ತೇನೆ, ಏಕೆಂದರೆ ಒಂದು ರೋಗಕ್ಕೆ ಒಂದೇ ರೋಗಾಣು ಎಂಬ ಆ ಕಾಲದ ಗಟ್ಟಿ ನಂಬಿಕೆಯನ್ನು ಅದು ಅಲುಗಾಡಿಸಿತು. 1918ರಲ್ಲಿ ಸತ್ತ ಮನುಷ್ಯರ ಶ್ವಾಸಕೋಶದ ಮಾದರಿಗಳನ್ನು ತೊಂಬತ್ತು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದ ವಿಜ್ಞಾನಿಗಳೂ, ಅಂದಿನ ಹೆಚ್ಚಿನ ಸಾವುಗಳಿಗೆ ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾವೇ ಕಾರಣ ಎಂಬ ತೀರ್ಮಾನಕ್ಕೆ ಬಂದರು.

ಹಾಗಾದರೆ ಕಣ್ಣಿಗೆ ಕಾಣದ ಒಂದು ವೈರಸ್ ಹಂದಿಯಂಥ ಗಟ್ಟಿ ಪ್ರಾಣಿಯ ರಕ್ಷಣಾ ವ್ಯವಸ್ಥೆಯನ್ನು ಹೇಗೆ ಕೆಡಿಸುತ್ತದೆ? ಇದಕ್ಕೆ ಅತಿ ಸ್ಪಷ್ಟವಾದ ಉದಾಹರಣೆ ಪಿ.ಆರ್.ಆರ್.ಎಸ್. ಎಂಬ ರೋಗ. ಗಬ್ಬದ ಹಂದಿ ತಿಂಗಳು ತುಂಬುವ ಮೊದಲೇ ಕಂದು ಹಾಕುವುದು, ಮರಿಗಳಿಗೆ ಉಸಿರಾಟದ ತೊಂದರೆ, ಇವು ಅದರ ಮುಖ್ಯ ಲಕ್ಷಣಗಳು. 1987ರ ಹೊತ್ತಿಗೆ ಅಮೆರಿಕದಲ್ಲಿ ಕಂಡಾಗ ಕಾರಣ ತಿಳಿಯದೆ ಅದನ್ನು ನಿಗೂಢ ಹಂದಿರೋಗ ಎಂದೇ ಕರೆದರು. ವೈರಸ್ ಮೊದಲು ಕೈಗೆ ಸಿಕ್ಕಿದ್ದು 1991ರಲ್ಲಿ, ನೆದರ್ಲೆಂಡ್ಸಿನ ಲೇಲಿಸ್ಟಾಡ್ ಎಂಬಲ್ಲಿ. ಸಿಗಲು ತಡವಾದದ್ದಕ್ಕೆ ಕಾರಣವಿತ್ತು, ಪ್ರಯೋಗಾಲಯಗಳು ಸಾಮಾನ್ಯವಾಗಿ ವೈರಸ್ ಬೆಳೆಸಲು ಬಳಸುವ ಜೀವಕೋಶಗಳಲ್ಲಿ ಅದು ಬೆಳೆಯುತ್ತಲೇ ಇರಲಿಲ್ಲ. ಅದು ಬೆಳೆದದ್ದು ಹಂದಿಯ ಶ್ವಾಸಕೋಶದ ಗಾಳಿಚೀಲಗಳಲ್ಲಿರುವ ಮ್ಯಾಕ್ರೊಫೇಜ್‌ಗಳಲ್ಲಿ. ಮ್ಯಾಕ್ರೊಫೇಜ್ ಎಂದರೆ ಒಂದು ಬಗೆಯ ಭಕ್ಷಕ ಕೋಶ. ಉಸಿರಿನ ಜತೆ ಒಳಬರುವ ದೂಳು, ಬ್ಯಾಕ್ಟೀರಿಯಾ, ಸತ್ತ ಜೀವಕೋಶದ ಚೂರು ಎಲ್ಲವನ್ನೂ ನುಂಗಿ ಕರಗಿಸುವುದೂ, ಹೊಸದೇನಾದರೂ ಬಂದರೆ ಉಳಿದ ರಕ್ಷಣಾ ಕೋಶಗಳಿಗೆ ಸುದ್ದಿ ಮುಟ್ಟಿಸುವುದೂ ಅದರ ಕೆಲಸ. ಈ ಕೋಶದ ಹೊರಪದರದಲ್ಲಿ ಸಿಡಿ163 ಎಂಬ ಪ್ರೋಟೀನ್ ಇದೆ. ಒಡೆದ ಕೆಂಪು ರಕ್ತಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನನ್ನು ಹೆಕ್ಕಿ ಒಳಗೆಳೆದುಕೊಳ್ಳಲು ಅದು ಇರುವುದು. ಪಿ.ಆರ್.ಆರ್.ಎಸ್. ವೈರಸ್ ಅದನ್ನೇ ಹಿಡಿದು ಒಳಸೇರುತ್ತದೆ. ಒಳಗೆ ಸೇರಿದ ಮೇಲೆ ಆ ಕೋಶವನ್ನೇ ತನ್ನ ಸಂತತಿ ಬೆಳೆಸುವ ಜಾಗ ಮಾಡಿಕೊಂಡು ಕೊನೆಗೆ ಕೊಲ್ಲುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ನಾವು ಹೇಳುತ್ತೇವಲ್ಲ, ಇಲ್ಲಿ ಆಗುವುದು ಬಹುಮಟ್ಟಿಗೆ ಅದೇ.

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಸೋಂಕಿನ ಮೊದಲ ವಾರದಲ್ಲೇ ಶ್ವಾಸಕೋಶದ ಮ್ಯಾಕ್ರೊಫೇಜ್‌ಗಳ ಸಂಖ್ಯೆ ಇಳಿಯುತ್ತದೆ. ಬದುಕಿ ಉಳಿದವುಗಳಿಗೂ ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಕಸುವು ಮೊದಲಿನಷ್ಟು ಇರುವುದಿಲ್ಲ. ಹಂದಿಯ ದೇಹರಚನೆಯ ಒಂದು ವಿಶೇಷ ಇಲ್ಲಿ ಮುಖ್ಯವಾಗುತ್ತದೆ. ಮನುಷ್ಯನಲ್ಲಿ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾವನ್ನು ತೆಗೆದುಹಾಕುವ ಹೊಣೆ ಬಹುಮಟ್ಟಿಗೆ ಯಕೃತ್ತು ಮತ್ತು ಗುಲ್ಮದ್ದು. ಹಂದಿಯಲ್ಲಿ ಆ ಕೆಲಸದ ದೊಡ್ಡ ಪಾಲನ್ನು ಶ್ವಾಸಕೋಶದ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿರುವ ಇನ್ನೊಂದು ಬಗೆಯ ಮ್ಯಾಕ್ರೊಫೇಜ್‌ಗಳು ಹೊತ್ತಿವೆ. ಪಿ.ಆರ್.ಆರ್.ಎಸ್. ವೈರಸ್ ಅವನ್ನೂ ಬಿಡುವುದಿಲ್ಲ. ಆದ್ದರಿಂದಲೇ ಆರೋಗ್ಯವಂತ ಹಂದಿಯ ಗಂಟಲಲ್ಲಿ ತೆಪ್ಪಗೆ ಇರುವ ಸ್ಟ್ರೆಪ್ಟೊಕಾಕಸ್ ಸೂಯಿಸ್ ಎಂಬ ಬ್ಯಾಕ್ಟೀರಿಯಾ, ಈ ವೈರಸ್ ತಗುಲಿದ ಹಂದಿಯಲ್ಲಿ ರಕ್ತಕ್ಕಿಳಿದು, ಅಲ್ಲಿಂದ ಕೀಲಿಗೂ ಮಿದುಳಿನ ಪೊರೆಗೂ ತಲುಪುತ್ತದೆ. ಕುಂಟುವ ಮರಿ, ಕಾಲು ಬಡಿಯುತ್ತ ಒಂದೇ ಮಗ್ಗುಲಿಗೆ ಬಿದ್ದಿರುವ ಮರಿ ನಮಗೆ ಕಾಣುತ್ತದೆ. ಅದಕ್ಕೆ ಒಂದೆರಡು ವಾರ ಮೊದಲು ಶ್ವಾಸಕೋಶದಲ್ಲಿ ನಡೆದದ್ದು ಕಾಣುವುದಿಲ್ಲ.

ವೈರಸ್ ಹೀಗೆ ಬೆಳೆಯುವಾಗ ದೇಹ ಎಚ್ಚರಗೊಳ್ಳಬೇಡವೇ ಎಂದು ನೀವು ಕೇಳಬಹುದು. ಎಚ್ಚರಗೊಳ್ಳಬೇಕು, ಸಾಮಾನ್ಯವಾಗಿ ಎಚ್ಚರಗೊಳ್ಳುತ್ತದೆ ಕೂಡ. ಯಾವುದೇ ಜೀವಕೋಶಕ್ಕೆ ವೈರಸ್ ನುಗ್ಗಿದರೆ ಆ ಕೋಶ ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಸಜ್ಜುಗೊಳಿಸುತ್ತದೆ. ಪಿ.ಆರ್.ಆರ್.ಎಸ್. ವೈರಸ್ ತನ್ನದೇ ಕೆಲವು ಪ್ರೋಟೀನುಗಳಿಂದ ಈ ಇಂಟರ್‌ಫೆರಾನ್ ತಯಾರಾಗುವ ಹಂತಗಳನ್ನೇ ತಡೆದುಬಿಡುತ್ತದೆ. ಮೊದಲ ಸುದ್ದಿಯೇ ಹೊರಡದಿದ್ದರೆ ಮುಂದಿನ ಸಿದ್ಧತೆಯೆಲ್ಲ ತಡವಾಗುತ್ತದೆ. ಒಂದೆರಡು ವಾರದೊಳಗೆ ಹಂದಿಯ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧ ಪ್ರತಿಕಾಯಗಳು ಕಾಣಿಸಿಕೊಳ್ಳುವುದೇನೋ ನಿಜ. ಆದರೆ ಅವು ವೈರಸ್ಸಿನ ಒಳಭಾಗದ ಪ್ರೋಟೀನಿಗೆ ಅಂಟುವಂಥವು, ಅದನ್ನು ನಿಷ್ಕ್ರಿಯಗೊಳಿಸುವ ಶಕ್ತಿ ಅವಕ್ಕಿಲ್ಲ. ನಿಜವಾಗಿ ತಡೆಯಬಲ್ಲ ಪ್ರತಿಕಾಯ ಬರಲು ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಸೋಂಕು ತಗುಲಿದ ಎಳೆಮರಿಗಳಲ್ಲಿ ಪ್ರತಿಕಾಯಗಳ ಒಟ್ಟು ಪ್ರಮಾಣ ಸಹಜಕ್ಕಿಂತ ಎಷ್ಟೋ ಪಟ್ಟು ಏರಿರುವುದೂ ಕಂಡುಬಂದಿದೆ, ಬಹುಪಾಲು ಗುರಿಯಿಲ್ಲದ ಪ್ರತಿಕಾಯಗಳು. ರೋಗನಿರೋಧಕ ಶಕ್ತಿ ಕುಂದಿತು ಎಂದೊಡನೆ ಎಲ್ಲವೂ ಬರಿದಾಯಿತು ಎಂದು ಭಾವಿಸಬಾರದು. ಒಂದು ಕಡೆ ಕೊರತೆ, ಇನ್ನೊಂದು ಕಡೆ ಉಪಯೋಗಕ್ಕೆ ಬಾರದ ಅತಿ, ಎರಡೂ ಒಂದೇ ದೇಹದಲ್ಲಿ ಇರುತ್ತವೆ. ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಇದೆ ಎಂದು ಬಂದ ಹಂದಿಯನ್ನು ಸುರಕ್ಷಿತ ಎಂದು ಎಣಿಸಿ ಬೇರೆ ದೊಡ್ಡಿಗೆ ಸಾಗಿಸಿದರೆ ಆಗುವ ಅನಾಹುತಕ್ಕೆ ಕಾರಣ ಇದೇ. ರಕ್ತದಿಂದ ವೈರಸ್ ಮರೆಯಾದ ಮೇಲೂ ಟಾನ್ಸಿಲ್ ಮತ್ತು ದುಗ್ಧಗ್ರಂಥಿಗಳಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ.

ಹಂದಿಜ್ವರದ ವೈರಸ್ ಹಿಡಿಯುವ ದಾರಿ ಬೇರೆ. ಅದೂ ಮ್ಯಾಕ್ರೊಫೇಜ್‌ಗಳಿಂದಲೇ ಆರಂಭಿಸುತ್ತದೆ, ಆದರೆ ಹೆಚ್ಚಿನ ಹಾನಿ ಆಗುವುದು ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳಿಗೆ. ಆಶ್ಚರ್ಯವೆಂದರೆ ಸಾಯುವ ಲಿಂಫೊಸೈಟ್‌ಗಳಲ್ಲಿ ಬಹುಪಾಲಿಗೆ ವೈರಸ್ ತಗುಲಿಯೇ ಇರುವುದಿಲ್ಲ. ಸೋಂಕಾದ ಕೋಶಗಳು ಹೊರಬಿಡುವ ರಾಸಾಯನಿಕಗಳ ಪ್ರಭಾವದಿಂದ ಅವು ತಾವಾಗಿ ಮಡಿಯುತ್ತವೆ. ಸೋಂಕಾದ ಕೆಲವೇ ದಿನಗಳಲ್ಲಿ, ರೋಗ ಹೊರಗೆ ಪೂರ್ತಿ ಕಾಣಿಸುವ ಮೊದಲೇ, ಬಿಳಿ ರಕ್ತಕಣಗಳ ಎಣಿಕೆ ಕುಸಿದಿರುತ್ತದೆ. ಇನ್ನೂ ಕೆಟ್ಟದ್ದು ಗರ್ಭದೊಳಗಿನ ಸೋಂಕು. ಗಬ್ಬದ ನಡುಗಾಲದಲ್ಲಿ ಭ್ರೂಣಕ್ಕೆ ಈ ವೈರಸ್ ತಲುಪಿದರೆ, ಆಗಷ್ಟೇ ರೂಪುಗೊಳ್ಳುತ್ತಿರುವ ರಕ್ಷಣಾ ವ್ಯವಸ್ಥೆ ಅದನ್ನು ತನ್ನದೇ ದೇಹದ ಭಾಗವೆಂದು ಎಣಿಸಿಬಿಡುತ್ತದೆ. ಅಂಥ ಮರಿ ನೋಡಲು ಸರಿಯಾಗಿಯೇ ಹುಟ್ಟಬಹುದು, ತಿಂಗಳುಗಟ್ಟಲೆ ವೈರಸ್ ಹರಡುತ್ತಲೇ ಇರುತ್ತದೆ, ಪ್ರತಿಕಾಯ ಮಾತ್ರ ಮಾಡುವುದಿಲ್ಲ. ಅದಕ್ಕೆ ಲಸಿಕೆ ಹಾಕಿದರೂ ಫಲವಿಲ್ಲ. ಆಫ್ರಿಕನ್ ಹಂದಿಜ್ವರದ ವೈರಸ್ ಇದಕ್ಕೆ ಯಾವ ರೀತಿಯಲ್ಲೂ ಸಂಬಂಧಿಯಲ್ಲ, ಆದರೂ ಅದು ಹಿಡಿಯುವುದು ಅದೇ ಮ್ಯಾಕ್ರೊಫೇಜ್‌ಗಳನ್ನು. ಅದರ ಉಗ್ರ ರೂಪದಲ್ಲಿ ಹಂದಿ ಕೆಲವೇ ದಿನಗಳಲ್ಲಿ ಸಾಯುವುದರಿಂದ ಬೆನ್ನಿಗೆ ಬರುವ ಬ್ಯಾಕ್ಟೀರಿಯಾಗಳಿಗೆ ಹೊತ್ತೇ ಸಿಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದಕ್ಕೆ ತೂಕವೂ ಇದೆ. ವೈರಸ್ ಇದ್ದ ದೊಡ್ಡಿಗಳಲ್ಲೆಲ್ಲ ಹಂದಿಗಳು ಸಾಯುತ್ತವೆಯೇ ಎಂಬುದು ಆ ಪ್ರಶ್ನೆ. ಸರ್ಕೋವೈರಸ್ ಎರಡನೆಯ ಬಗೆಯನ್ನು ನೋಡಿ. ಪ್ರಾಣಿಗಳಿಗೆ ತಗುಲುವ ವೈರಸ್‌ಗಳಲ್ಲೇ ಅತಿ ಚಿಕ್ಕವುಗಳಲ್ಲಿ ಇದೊಂದು, ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವನ್ನು ನ್ಯಾನೊಮೀಟರ್ ಎಂದರೆ ಇದರ ಅಡ್ಡಳತೆ ಸುಮಾರು 17 ನ್ಯಾನೊಮೀಟರ್. 1991ರಲ್ಲಿ ಕೆನಡಾದ ದೊಡ್ಡಿಗಳಲ್ಲಿ ಹಾಲು ಬಿಟ್ಟ ಮರಿಗಳು ಮೈ ಇಳಿದು, ಬೆನ್ನೆಲುಬು ಎದ್ದು, ಬಿಳಿಚಿಕೊಂಡು ಸಾಯತೊಡಗಿದಾಗ ಗಮನಕ್ಕೆ ಬಂದ ರೋಗದ ಮೂಲ ಇದು. ಸತ್ತ ಮರಿಗಳ ದುಗ್ಧಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತಾಗಿ ತುಂಬಿರಬೇಕಾದ ಲಿಂಫೊಸೈಟ್‌ಗಳು ಚದುರಿ, ಜಾಗವೇ ಖಾಲಿಯಾದಂತೆ ಕಾಣುತ್ತದೆ. ಆದರೆ ಇದೇ ವೈರಸ್ ಜಗತ್ತಿನ ಬಹುತೇಕ ಹಂದಿ ಸಾಕಣೆಗಳಲ್ಲಿ ಇದೆ, ಅದನ್ನು ಹೊತ್ತ ಹೆಚ್ಚಿನ ಹಂದಿಗಳು ಆರೋಗ್ಯವಾಗಿಯೇ ಇರುತ್ತವೆ. ಪ್ರಯೋಗಾಲಯದಲ್ಲಿ ಈ ವೈರಸ್ ಒಂದನ್ನೇ ಕೊಟ್ಟು ಪೂರ್ಣ ರೋಗ ಬರಿಸುವುದು ಕಷ್ಟವಾಯಿತು, ಪಾರ್ವೊ ವೈರಸ್ಸನ್ನೋ ಪಿ.ಆರ್.ಆರ್.ಎಸ್. ವೈರಸ್ಸನ್ನೋ ಜತೆಗೆ ಕೊಟ್ಟಾಗ ರೋಗ ಬಂತು. ಫ್ರಾನ್ಸಿನಲ್ಲಿ ಲಸಿಕೆ ಬರುವ ಮೊದಲೇ ಮರಿಗಳ ದಟ್ಟಣೆ ಕಡಿಮೆ ಮಾಡಿ, ಒಂದು ತಂಡದ ಮರಿಗಳನ್ನು ಇನ್ನೊಂದರ ಜತೆ ಬೆರೆಸದೆ, ಗೂಡನ್ನು ಖಾಲಿ ಮಾಡಿ ತೊಳೆದು ಆಮೇಲೆ ತುಂಬಿ ಸಾವನ್ನು ಇಳಿಸಿದ್ದರು. ಹೀಗಿರುವಾಗ ವೈರಸ್ಸನ್ನೇ ದೂರುವುದೇಕೆ, ಸಾಕುವ ರೀತಿಯನ್ನು ದೂರಿರಿ ಎಂದು ವಾದಿಸಿದವರು ಇದ್ದರು.

ಇದಕ್ಕೆ ಉತ್ತರ ಸಿಕ್ಕಿದ್ದು 2006ರ ನಂತರ, ಸರ್ಕೋವೈರಸ್ ವಿರುದ್ಧದ ಲಸಿಕೆ ಮಾರುಕಟ್ಟೆಗೆ ಬಂದಾಗ. ಗೂಡು ಅದೇ, ದಟ್ಟಣೆ ಅದೇ, ಮೇವು ಅದೇ. ಬದಲಾದದ್ದು ಈ ಒಂದು ವೈರಸ್ಸಿನ ವಿರುದ್ಧ ಹಾಕಿದ ಸೂಜಿ ಮಾತ್ರ. ಸಾವು ಥಟ್ಟನೆ ಇಳಿಯಿತು. ಅದಕ್ಕಿಂತ ದೊಡ್ಡ ಸಾಕ್ಷ್ಯ ಇನ್ನೊಂದಿದೆ. ರೋಗವೇ ಇಲ್ಲ ಎಂದುಕೊಂಡಿದ್ದ ದೊಡ್ಡಿಗಳಲ್ಲೂ ಲಸಿಕೆಯಾದ ಮರಿಗಳು ಚೆನ್ನಾಗಿ ಮೈತುಂಬಿಕೊಂಡವು. ಅಂದರೆ ಸದ್ದಿಲ್ಲದೆ ಇದ್ದ ಸೋಂಕೂ ದೇಹದಿಂದ ಸುಂಕ ವಸೂಲು ಮಾಡುತ್ತಲೇ ಇತ್ತು. ಹಾಗಾಗಿ ನನ್ನ ತೀರ್ಮಾನ ಹೀಗಿದೆ. ಗಾಳಿಯಾಡದ ಗೂಡು, ಮೂಗಿಗೆ ಅಡರುವ ಅಮೋನಿಯಾ, ಬೂಸ್ಟು ಹಿಡಿದ ಮೆಕ್ಕೆಜೋಳದ ವಿಷ, ತೀರ ಎಳೆತನದಲ್ಲೇ ಹಾಲು ಬಿಡಿಸುವುದು, ಇವೆಲ್ಲ ಹಂದಿಯ ಶಕ್ತಿಯನ್ನು ಕುಗ್ಗಿಸುವುದು ನಿಜ. ಇವುಗಳನ್ನು ಸರಿಪಡಿಸಿದರೆ ವೈರಸ್ ಇದ್ದೂ ಹಂದಿ ಬದುಕೀತು. ಆದರೆ ಇವೆಲ್ಲ ಸರಿಯಿದ್ದ ದೊಡ್ಡಿಯನ್ನೂ ಪಿ.ಆರ್.ಆರ್.ಎಸ್. ಮಲಗಿಸಿದೆ. ಅಮೆರಿಕದ ಹಂದಿ ಸಾಕಣೆಗಳಿಗೆ ಹಣಕ್ಕೂ ಗೂಡಿಗೂ ಪಶುವೈದ್ಯರಿಗೂ ಕೊರತೆಯಿಲ್ಲ, ಆದರೂ ಈ ಒಂದು ರೋಗದಿಂದ ಅಲ್ಲಿ ವರ್ಷಕ್ಕೆ ಸುಮಾರು 120 ಕೋಟಿ ಡಾಲರ್ ನಷ್ಟವಾಗುತ್ತಿದೆ ಎಂದು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯ 2024ರಲ್ಲಿ ಅಂದಾಜು ಮಾಡಿತು.

ಎರಡನೆಯ ಆಕ್ಷೇಪ ರೈತರದ್ದು. ವೈರಸ್ಸಿಗೆ ಔಷಧವಿಲ್ಲ, ಬ್ಯಾಕ್ಟೀರಿಯಾಕ್ಕೆ ಇದೆ, ಕೈಯಲ್ಲಿರುವ ಔಷಧ ಕೊಟ್ಟು ಉಳಿದಷ್ಟನ್ನು ಉಳಿಸಿಕೊಳ್ಳುವುದು ತಪ್ಪೇ ಎಂದು ಅವರು ಕೇಳುತ್ತಾರೆ. ಕಣ್ಣೆದುರು ನರಳುವ ಪ್ರಾಣಿಗೆ ಪಶುವೈದ್ಯರ ಸಲಹೆಯಂತೆ ಆಂಟಿಬಯೋಟಿಕ್ ಕೊಡುವುದು ಖಂಡಿತ ತಪ್ಪಲ್ಲ. ತಪ್ಪಾಗುವುದು ಅಲ್ಲಿಗೇ ನಿಂತಾಗ. ಮ್ಯಾಕ್ರೊಫೇಜ್‌ಗಳು ಸತ್ತ ಶ್ವಾಸಕೋಶದಲ್ಲಿ ಒಂದು ಬ್ಯಾಕ್ಟೀರಿಯಾ ಹೋದರೆ ಇನ್ನೊಂದು ಬರುತ್ತದೆ, ಔಷಧ ಬದಲಾಗುತ್ತದೆ, ಪ್ರಮಾಣ ಏರುತ್ತದೆ, ಕೊನೆಗೆ ಇಡೀ ದೊಡ್ಡಿಯ ಮೇವಿಗೋ ನೀರಿಗೋ ಬೆರೆಸುವುದೇ ರೂಢಿಯಾಗುತ್ತದೆ. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳು ಹುಟ್ಟಿಕೊಳ್ಳಲು ಇದಕ್ಕಿಂತ ಅನುಕೂಲವಾದ ಜಾಗ ಬೇಕಿಲ್ಲ. ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಭಯದಿಂದಲೇ. ಹಂದಿಯ ಸ್ಟ್ರೆಪ್ಟೊಕಾಕಸ್ ಹಂದಿಯಲ್ಲೇ ನಿಲ್ಲುವ ರೋಗಾಣುವೂ ಅಲ್ಲ. 2005ರಲ್ಲಿ ಚೀನಾದ ಸಿಚುವಾನ್ ಪ್ರಾಂತದಲ್ಲಿ ರೋಗದ ಹಂದಿಗಳನ್ನು ಕೊಯ್ದವರಿಗೆ, ಮಾಂಸ ಮುಟ್ಟಿದವರಿಗೆ ಅದು ತಗುಲಿ ಇನ್ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 38 ಮಂದಿ ಸತ್ತರು. ಪಿ.ಆರ್.ಆರ್.ಎಸ್. ವೈರಸ್ ಮನುಷ್ಯನಿಗೆ ತಗುಲುವುದಿಲ್ಲ, ಆದರೆ ಅದು ದಾರಿ ಮಾಡಿಕೊಡುವ ಬ್ಯಾಕ್ಟೀರಿಯಾ ತಗುಲಬಹುದು ಎಂಬುದನ್ನು ಮರೆಯಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ಲಸಿಕೆಯ ವಿಚಾರ. ಲಸಿಕೆ ತಾನಾಗಿ ರೋಗ ತಡೆಯುವುದಿಲ್ಲ, ಅದಕ್ಕೆ ದೇಹ ಸ್ಪಂದಿಸಬೇಕು. ಸ್ಪಂದಿಸಬೇಕಾದ ಕೋಶಗಳನ್ನೇ ವೈರಸ್ ಕೆಡಿಸಿದ್ದರೆ ಒಳ್ಳೆಯ ಲಸಿಕೆಯೂ ಹುಸಿಯಾಗುತ್ತದೆ. ಪಿ.ಆರ್.ಆರ್.ಎಸ್. ಸೋಂಕಿನ ಹೊತ್ತಿನಲ್ಲಿ ಹಂದಿಜ್ವರದ ಲಸಿಕೆ ಹಾಕಿದರೆ ಆ ಲಸಿಕೆ ರಕ್ಷಣೆ ಕೊಡದೆ ಹೋಗುವುದನ್ನು ಥಾಯ್ಲೆಂಡಿನ ಸಂಶೋಧಕರು 2006ರಲ್ಲಿ ತೋರಿಸಿದ್ದಾರೆ. ಮೈಕೊಪ್ಲಾಸ್ಮಾ ನ್ಯುಮೋನಿಯಾದ ಲಸಿಕೆಯ ವಿಷಯದಲ್ಲೂ ಇಂಥದೇ ಫಲಿತಾಂಶ ಬಂದಿದೆ. ಇಂಥ ಕಡೆ ರೈತರು ಲಸಿಕೆಯನ್ನು ಬೈಯುತ್ತಾರೆ, ಪಶುವೈದ್ಯರು ಲಸಿಕೆಯನ್ನು ತಣ್ಣಗೆ ಇಟ್ಟಿರಲಿಲ್ಲವೇನೋ ಎಂದು ಅನುಮಾನಿಸುತ್ತಾರೆ. ಆ ಅನುಮಾನ ಎಷ್ಟೋ ಸಲ ಸರಿಯೇ ಆಗಿರುತ್ತದೆ. ಲಸಿಕೆಯಾದ ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಇನ್ನೂ ಇರುವಾಗಲೇ ಮರಿಗೆ ಸೂಜಿ ಹಾಕಿದ್ದೂ ಕಾರಣವಾಗಿರಬಹುದು. ಹಂದಿಮರಿ ತಾಯಿಯ ಹೊಟ್ಟೆಯಲ್ಲಿದ್ದಾಗ ಪ್ರತಿಕಾಯ ಪಡೆಯುವುದಿಲ್ಲ, ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣುಹಾಲೇ ಅದರ ಪಾಲಿನ ಎಲ್ಲ ರಕ್ಷಣೆ. ಆದರೆ ಈ ಎರಡೂ ಸರಿಯಿದ್ದು ಮತ್ತೆ ಮತ್ತೆ ಲಸಿಕೆ ಸೋತರೆ, ದೊಡ್ಡಿಯಲ್ಲಿ ಬೇರೊಂದು ವೈರಸ್ ಇದೆಯೇ ಎಂದು ಹುಡುಕುವುದು ಪಶುವೈದ್ಯರ ಕರ್ತವ್ಯ. ಹಾಗೆಂದು ಪಿ.ಆರ್.ಆರ್.ಎಸ್.ಗೂ ಒಂದು ಲಸಿಕೆ ತರಿಸಿ ಹಾಕಿಬಿಟ್ಟರೆ ಮುಗಿಯಿತು ಎನ್ನುವವರಿಗೆ ಡೆನ್ಮಾರ್ಕಿನ ಅನುಭವ ಎಚ್ಚರಿಕೆಯಾಗಬೇಕು. 1996ರಲ್ಲಿ ಅಲ್ಲಿ ಬಳಸಿದ ಸಜೀವ ಲಸಿಕೆಯ ವೈರಸ್ಸೇ ಮಾರ್ಪಟ್ಟು, ಲಸಿಕೆ ಹಾಕದ ದೊಡ್ಡಿಗಳಿಗೂ ಹರಡಿ ರೋಗ ತಂದಿತು. ಸ್ವೀಡನ್ ಬೇರೆ ದಾರಿ ಹಿಡಿಯಿತು. 2007ರಲ್ಲಿ ತನ್ನ ನೆಲದಲ್ಲಿ ಮೊದಲ ಸಲ ಪಿ.ಆರ್.ಆರ್.ಎಸ್. ಕಂಡಾಗ ಸೋಂಕಿನ ದೊಡ್ಡಿಗಳನ್ನೇ ತೆರವು ಮಾಡಿ ಅದನ್ನು ಬುಡಸಮೇತ ಕಿತ್ತಿತು. ನಿರಂತರ ತಪಾಸಣೆ ಇದ್ದ ದೇಶಕ್ಕೆ ಅದು ಸಾಧ್ಯವಾಯಿತು.

ನಮ್ಮ ದೇಶದಲ್ಲಿ 2019ರ ಜಾನುವಾರು ಗಣತಿಯಂತೆ ಸುಮಾರು 90 ಲಕ್ಷ ಹಂದಿಗಳಿದ್ದವು, ಅತಿ ಹೆಚ್ಚು ಅಸ್ಸಾಮಿನಲ್ಲಿ. ಹಂದಿಜ್ವರ ನಮ್ಮಲ್ಲಿ ದಶಕಗಳಿಂದ ನೆಲೆಯೂರಿದೆ. ಅದರ ವಿರುದ್ಧ 1964ರಿಂದ ಬಳಸುತ್ತ ಬಂದದ್ದು ಮೊಲಗಳಲ್ಲಿ ಬೆಳೆಸುವ ಲಸಿಕೆ. ಮೊಲವನ್ನು ಕೊಂದು ಅದರ ಗುಲ್ಮದಿಂದ ತಯಾರಿಸುವ ಈ ಲಸಿಕೆ ಬೇಡಿಕೆಯ ಸಣ್ಣ ಪಾಲನ್ನಷ್ಟೇ ತುಂಬಿತು. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ದೇಶೀ ವೈರಸ್ಸಿನಿಂದಲೇ, ಮೊಲದ ಹಂಗಿಲ್ಲದೆ ಜೀವಕೋಶಗಳಲ್ಲಿ ಬೆಳೆಸುವ ಲಸಿಕೆಯನ್ನು ಸಿದ್ಧಪಡಿಸಿ 2020ರಲ್ಲಿ ಬಿಡುಗಡೆ ಮಾಡಿದ್ದು ದೊಡ್ಡ ಸಾಧನೆ. ಆದರೆ ಅದಕ್ಕೆ ಏಳು ವರ್ಷ ಮೊದಲು, 2013ರಲ್ಲಿ, ಮಿಜೋರಾಮಿಗೆ ಪಿ.ಆರ್.ಆರ್.ಎಸ್. ಕಾಲಿಟ್ಟಿತ್ತು. 2006ರಲ್ಲಿ ಚೀನಾದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕಾಡಿದ ಉಗ್ರ ಬಗೆಯ ಬಳಗಕ್ಕೆ ಸೇರಿದ್ದು ಅದು. ಲಸಿಕೆ ಹುಸಿಹೋಗುವಂತೆ ಮಾಡುವ ವೈರಸ್ ಒಂದು ಕಡೆಯಿಂದ, ಹೊಸ ಲಸಿಕೆ ಇನ್ನೊಂದು ಕಡೆಯಿಂದ ಒಂದೇ ದೇಶದಲ್ಲಿ ಹೊರಟಿವೆ. 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲದಲ್ಲಿ ಆಫ್ರಿಕನ್ ಹಂದಿಜ್ವರ ಬಂದ ಮೇಲೆ ಎಲ್ಲರ ಗಮನ ಅದರ ಮೇಲೆ ಹೋದದ್ದು ಸಹಜ. ಆ ಗದ್ದಲದಲ್ಲಿ ಪಿ.ಆರ್.ಆರ್.ಎಸ್. ಮತ್ತು ಸರ್ಕೋವೈರಸ್ ಹುಡುಕುವುದು ಹಿಂದೆ ಬೀಳಬಾರದು ಎಂಬುದು ನನ್ನ ಕಳಕಳಿ. ಇದು ಕರ್ನಾಟಕಕ್ಕೂ ಸಂಬಂಧಿಸಿದ ಮಾತು. ಕೊಡಗಿನ ಮನೆಗಳಲ್ಲಿ ಹಂದಿಮಾಂಸ ಹಬ್ಬದ ಊಟದ ಭಾಗ, ಬೆಂಗಳೂರಿನ ಸುತ್ತ ಹೋಟೆಲ್ ಮುಸುರೆ ನಂಬಿ ಹಂದಿ ಸಾಕುವ ಕುಟುಂಬಗಳಿವೆ. ಮಾರಲು ತಂದ ಮರಿ ಯಾವ ದೊಡ್ಡಿಯದು, ಅದಕ್ಕೆ ಮೊದಲು ಏನು ಬಂದಿತ್ತು ಎಂಬ ಲೆಕ್ಕ ಇಡುವವರು ಕಡಿಮೆ.

ವಿಜ್ಞಾನ ಒಂದು ದಿನ ಈ ಚಿಂತೆಯನ್ನೇ ತೊಲಗಿಸಬಹುದೇ? ಮಿಸೌರಿ ವಿಶ್ವವಿದ್ಯಾಲಯದವರು ಸಿಡಿ163 ಪ್ರೋಟೀನಿನ ಜೀನನ್ನೇ ತೆಗೆದುಹಾಕಿ ಹಂದಿಗಳನ್ನು ಬೆಳೆಸಿದರು, ಅವಕ್ಕೆ ಪಿ.ಆರ್.ಆರ್.ಎಸ್. ತಗುಲಲೇ ಇಲ್ಲ. ಎಡಿನ್‌ಬರೋದ ರಾಸ್ಲಿನ್ ಸಂಸ್ಥೆ ಆ ಪ್ರೋಟೀನಿನಲ್ಲಿ ವೈರಸ್ ಹಿಡಿಯುವ ತುಣುಕನ್ನಷ್ಟೇ ಕತ್ತರಿಸಿ, ಉಳಿದ ಕೆಲಸ ಕೆಡದಂತೆ ನೋಡಿಕೊಂಡಿತು. ಇಂಥ ಹಂದಿಯನ್ನು ಆಹಾರಕ್ಕೆ ಬಳಸಲು ಅಮೆರಿಕ 2025ರಲ್ಲಿ ಅನುಮತಿಯನ್ನೂ ಕೊಟ್ಟಿದೆ. ಆದರೆ ಇದೇ ಜೀನ್ ತೆಗೆದ ಹಂದಿಗಳಿಗೆ ಆಫ್ರಿಕನ್ ಹಂದಿಜ್ವರದ ವೈರಸ್ ಕೊಟ್ಟಾಗ ಅವು ಉಳಿದ ಹಂದಿಗಳಂತೆಯೇ ರೋಗಕ್ಕೆ ತುತ್ತಾದವು. ಒಂದು ವೈರಸ್ಸಿಗೆ ಒಂದು ಬಾಗಿಲು ಮುಚ್ಚಿದಷ್ಟೇ. ನಾಲ್ಕಾರು ಹಂದಿ ಸಾಕುವ ನಮ್ಮ ರೈತರ ಕೈಗೆ ಅಂಥ ತಳಿ ಬರುವುದು ದೂರದ ಮಾತು.

ಬಡವರ ದೊಡ್ಡಿಗೆ ಇಷ್ಟೆಲ್ಲ ಪರೀಕ್ಷೆ ಮಾಡಿಸುವವರು ಯಾರು ಎಂಬುದು ಕೊನೆಯ ಆಕ್ಷೇಪ. ವ್ಯವಸ್ಥೆ ಇದೆ, ಬಳಕೆ ಕಡಿಮೆ. ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ, ಯಲಹಂಕದಲ್ಲಿ ಪಶುರೋಗಗಳ ಹರಡುವಿಕೆಯನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ಹಂದಿಗಳು ಒಂದರ ಹಿಂದೆ ಒಂದು ಸತ್ತರೆ ರೈತರು ಹೆಣವನ್ನು ತಾವೇ ಕೊಯ್ಯಬಾರದು, ತೋಟದ ಅಂಚಿಗೆ ಎಸೆಯಬಾರದು, ಆಫ್ರಿಕನ್ ಹಂದಿಜ್ವರವಾಗಿದ್ದರೆ ಚೆಲ್ಲಿದ ರಕ್ತದಿಂದಲೇ ಊರೆಲ್ಲ ಹರಡುತ್ತದೆ. ಮುಟ್ಟದೆ ಇಟ್ಟು ಪಶುವೈದ್ಯರಿಗೆ ತಿಳಿಸಬೇಕು. ಪಶುವೈದ್ಯರಲ್ಲಿ ನನ್ನ ವಿನಂತಿ ಇಷ್ಟು: ಐಸ್ ಮೇಲಿಟ್ಟು ಕಳಿಸುವ ಶ್ವಾಸಕೋಶದ ತುಂಡಿನ ಜತೆಗೆ ಟಾನ್ಸಿಲ್, ಗುಲ್ಮ ಮತ್ತು ದುಗ್ಧಗ್ರಂಥಿಯನ್ನೂ ಇಡಿ. ದೊಡ್ಡಿಯಲ್ಲಿ ಕಾಯಿಲೆ ಬಿದ್ದು ಇನ್ನೂ ಬದುಕಿರುವ ಒಂದೆರಡು ಮರಿಗಳ ರಕ್ತವನ್ನೂ ಸೇರಿಸಿ. ಜತೆಗಿಡುವ ಪತ್ರದಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆ ಎಂದಷ್ಟೇ ಬರೆದು ಬಿಡದೆ, ಹಂದಿಜ್ವರ, ಪಿ.ಆರ್.ಆರ್.ಎಸ್., ಸರ್ಕೋವೈರಸ್ ಮೂರನ್ನೂ ಹೆಸರಿಸಿ ಕೇಳಿ.